ಫಸ್ಟ್ ಮ್ಯಾನ್ ನೋಡುವವರಿಗೆ ಟಿಪ್ಪಣಿ: ಜೆಮಿನಿ 8 ಗಿರಗಿರ ತಿರುಗಿದ್ದು ಯಾಕೆ?

'ಫಸ್ಟ್ ಮ್ಯಾನ್' (2018) ನೀಲ್ ಆರ್ಮ್‌ಸ್ಟ್ರಾಂಗ್ ಕುರಿತ ಸಿನಿಮಾ. ಹಾರಾಟದ ದೃಶ್ಯಗಳಲ್ಲಿ ಕ್ಯಾಮೆರಾ ಜಾಸ್ತಿ ಹೊತ್ತು ಕ್ಯಾಬಿನ್ ಒಳಗೇ ಕೂತಿರುತ್ತದೆ. ಮೀಟರ್‌ಗಳ ಅದುರುವ ಮುಳ್ಳುಗಳು, ಪುಟ್ಟ ಕಿಟಕಿ, ಕಿರುಗುಟ್ಟುವ ಲೋಹ. ಗಗನಯಾತ್ರಿಗೆ ಕಂಡಷ್ಟೇ ನಮಗೂ ಕಾಣುತ್ತದೆ. ಹೊರಗೆ ಏನಾಯಿತು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಸಿನಿಮಾಗೆ ಇದು ಸರಿಯಾದ ಆಯ್ಕೆ. ಆದರೆ ಭೌತಶಾಸ್ತ್ರ ಓದುವವರಿಗೆ ಹೊರಗಿನ ಕಥೆಯೂ ಬೇಕು.

ಮೊದಲ ದೃಶ್ಯ ಎಕ್ಸ್-15 ವಿಮಾನದ್ದು. ಕೆಳಗೆ ಇಳಿಯಬೇಕಾದ ಹೊತ್ತಲ್ಲಿ ಎತ್ತರ ತೋರಿಸುವ ಅಂಕಿ ಮೇಲೇರುತ್ತದೆ. ನಿಜವಾದ ಹಾರಾಟ ನಡೆದದ್ದು 1962ರ ಏಪ್ರಿಲ್ 20ರಂದು, ತಲುಪಿದ ಎತ್ತರ ಸುಮಾರು 63 ಕಿ.ಮೀ. ಇಳಿಯುವಾಗ ಮೂತಿ ಮೇಲಿದ್ದದ್ದರಿಂದ ತೆಳುಗಾಳಿಯೇ ವಿಮಾನವನ್ನು ಮತ್ತೆ ಮೇಲಕ್ಕೆ ಎತ್ತಿತು. ಅಲ್ಲಿ ರೆಕ್ಕೆ, ಬಾಲಕ್ಕೆ ಹಿಡಿತ ಸಿಗುವಷ್ಟು ಗಾಳಿ ಇಲ್ಲ. ಸಣ್ಣ ಥ್ರಸ್ಟರ್‌ಗಳಿಂದ (ಅನಿಲ ಚಿಮ್ಮಿಸಿ ನೂಕುವ ಪುಟ್ಟ ಎಂಜಿನ್‌ಗಳು) ಮೂತಿ ತಿರುಗಿಸಬಹುದು, ದಾರಿ ತಿರುಗಿಸಲು ಆಗುವುದಿಲ್ಲ. ಗುರುತ್ವ ಕೆಳಗೆ ಎಳೆಯುವವರೆಗೆ ಕಾಯಬೇಕು, ಅಷ್ಟೇ. ಸಿನಿಮಾ ಇಲ್ಲಿ ಕ್ರಮವನ್ನೂ ಬದಲಿಸಿದೆ: ಮಗಳು ಕ್ಯಾರೆನ್ ತೀರಿಕೊಂಡದ್ದು ಈ ಹಾರಾಟಕ್ಕೂ ಮೊದಲು, ಅದೇ ವರ್ಷದ ಜನವರಿಯಲ್ಲಿ.

ಈಗ ಮುಖ್ಯ ಭಾಗಕ್ಕೆ ಬರೋಣ. 1966ರ ಮಾರ್ಚ್ 16. ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಜೆಮಿನಿ 8 ನೌಕೆಯನ್ನು ಅಜೀನಾ ಎಂಬ ಮಾನವರಹಿತ ವಾಹನಕ್ಕೆ ಜೋಡಿಸಿದರು. ಎರಡು ನೌಕೆಗಳು ಬಾಹ್ಯಾಕಾಶದಲ್ಲಿ ಸೇರಿದ್ದು ಅದೇ ಮೊದಲು. ಅರ್ಧ ಗಂಟೆಯೊಳಗೆ ಜೋಡಿ ತಾನಾಗಿ ತಿರುಗತೊಡಗಿತು. ಅಜೀನಾ ಮೇಲೇ ಅನುಮಾನ ಬಂತು. ತೊಂದರೆಯಾದರೆ ಅದನ್ನೇ ಆಫ್ ಮಾಡಿ ಅಂತ ನೆಲದ ನಿಯಂತ್ರಣ ಕೇಂದ್ರದಿಂದ ಸಲಹೆಯೂ ಬಂದಿತ್ತು. ಆಫ್ ಮಾಡಿದರು, ಆಮೇಲೆ ಬೇರೆಯಾದರು. ತಿರುಗಾಟ ನಿಲ್ಲಲಿಲ್ಲ, ಇನ್ನೂ ಜೋರಾಯಿತು!

ಯಾಕೆ? ಇಲ್ಲಿ ಎಷ್ಟೋ ಜನ ಥಟ್ಟನೆ ಹೇಳುವ ಉತ್ತರ: ಕೈ ಚಾಚಿ ತಿರುಗುವ ನರ್ತಕಿ ಕೈ ಮಡಚಿದರೆ ವೇಗ ಹೆಚ್ಚುತ್ತದಲ್ವಾ, ಹಾಗೇ ಇದೂ ಅಂತ. ಇದು ತಪ್ಪು. ನರ್ತಕಿಯ ಕೋನೀಯ ಸಂವೇಗ, ಅಂದರೆ ತಿರುಗಾಟದ ಒಟ್ಟು ರಭಸ, ಪೂರ್ತಿ ಅವಳ ಹತ್ತಿರವೇ ಉಳಿಯುತ್ತದೆ. ಅಜೀನಾ ಮಾತ್ರ ಕಳಚಿಕೊಂಡಾಗ ತನ್ನ ಪಾಲಿನ ಸಂವೇಗ ತೆಗೆದುಕೊಂಡೇ ಹೋಗುತ್ತದೆ. ಹಾಗಾಗಿ ಬೇರೆಯಾದ ಆ ಕ್ಷಣದಲ್ಲಿ ಜೆಮಿನಿಯ ವೇಗ ಮೊದಲಿನಷ್ಟೇ.

ನಿಜವಾದ ಕಾರಣ, ಜೆಮಿನಿಯ 8ನೇ ಥ್ರಸ್ಟರ್ ಉರಿಯುತ್ತಲೇ ಇತ್ತು. ಬಹುಶಃ ವಿದ್ಯುತ್ ಶಾರ್ಟ್‌ನಿಂದ. ಅದರ ಬಲ ಸುಮಾರು 110 ನ್ಯೂಟನ್, ಅಂದರೆ 11 ಕೆ.ಜಿ. ವಸ್ತುವಿನ ತೂಕದಷ್ಟು. ದೊಡ್ಡದೇನಲ್ಲ. ಆದರೆ τ = Iα ನೆನಪಿಸಿಕೊಳ್ಳಿ. ಟಾರ್ಕ್ τ, ಅಂದರೆ ತಿರುಗಿಸುವ ಬಲ, ಅಷ್ಟೇ ಇದೆ. ಅಜೀನಾ ಹೋದ ಮೇಲೆ ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ I (ತಿರುಗಿಸಲು ಹೋದರೆ ವಸ್ತು ಒಡ್ಡುವ ಜಡತೆ), ಕಡಿಮೆಯಾಯಿತು. ಹಾಗಾಗಿ α, ಅಂದರೆ ಕೋನೀಯ ವೇಗೋತ್ಕರ್ಷ, ಜಾಸ್ತಿಯಾಯಿತು. ವೇಗ ಜಿಗಿಯಲಿಲ್ಲ, ಏರುವ ದರ ಜಿಗಿಯಿತು. ಪರೀಕ್ಷೆಯಲ್ಲಿ ಅಂಕ ಹೋಗುವುದು ಈ ವ್ಯತ್ಯಾಸದಲ್ಲೇ.

ಕೊನೆಗೆ ವೇಗ ಸೆಕೆಂಡಿಗೆ 296 ಡಿಗ್ರಿ ಮುಟ್ಟಿತು. ರೇಡಿಯನ್‌ನಲ್ಲಿ ಸುಮಾರು 5.2. ತಲೆ ಅಕ್ಷದಿಂದ ಅರ್ಧ ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ω²r (ω ತಿರುಗುವ ವೇಗ, r ಆ ದೂರ) ಲೆಕ್ಕ ಹಾಕಿದರೆ ಸುಮಾರು 13 ಮೀ/ಸೆ², ಅಂದರೆ ಭೂಮಿಯ ಗುರುತ್ವದ 1.4 ಪಟ್ಟಿಗಿಂತ (1.4 ಜಿ) ಕಡಿಮೆ. ಈ ಬಲವನ್ನು ದೇಹ ತಡೆದುಕೊಳ್ಳುತ್ತದೆ. ಕಷ್ಟ ಇದ್ದದ್ದು ಕಣ್ಣಿಗೆ ಮತ್ತು ಒಳಕಿವಿಗೆ: ನೋಟ ಮಸುಕಾಗಿ, ಸ್ವಿಚ್ ಯಾವುದು ಅಂತಲೇ ಗೊತ್ತಾಗದ ಸ್ಥಿತಿ. ಸಿನಿಮಾ ಇದನ್ನು ತುಂಬಾ ಚೆನ್ನಾಗಿ ತೋರಿಸುತ್ತದೆ. ನನಗಂತೂ ನೋಡುವಾಗ ತಲೆ ಸುತ್ತಿತು.

ಆರ್ಮ್‌ಸ್ಟ್ರಾಂಗ್ ಆ ಥ್ರಸ್ಟರ್ ವ್ಯವಸ್ಥೆಯನ್ನೇ ಬಂದ್ ಮಾಡಿ, ಭೂಮಿಗೆ ಮರಳುವಾಗ ಬಳಸಲು ಮೂತಿಯಲ್ಲಿ ಇಟ್ಟಿದ್ದ ಬೇರೆ ಥ್ರಸ್ಟರ್‌ಗಳಿಂದ ನೌಕೆಯನ್ನು ನಿಲ್ಲಿಸಿದ. ಆ ಇಂಧನದಲ್ಲಿ ಮುಕ್ಕಾಲು ಭಾಗ ಖರ್ಚಾಯಿತು. ಅದನ್ನು ಮುಟ್ಟಿದರೆ ವಾಪಸ್ ಬರಲೇಬೇಕು ಅನ್ನುವುದು ನಿಯಮ. ಸ್ಕಾಟ್‌ನ ಬಾಹ್ಯಾಕಾಶ ನಡಿಗೆ ರದ್ದಾಯಿತು. ಉಡಾವಣೆಯಾಗಿ 11 ಗಂಟೆ ತುಂಬುವ ಮೊದಲೇ ಇಬ್ಬರೂ ಪೆಸಿಫಿಕ್ ಸಾಗರದಲ್ಲಿ ಇಳಿದಿದ್ದರು.

ನೆಲದ ಮೇಲಿನ ಪರೀಕ್ಷೆಯಲ್ಲಿ ಮೂವರು ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಅಪೊಲೊ 1ರ ಬೆಂಕಿ (1967ರ ಜನವರಿ 27) ಪರದೆಯ ಮೇಲೆ ಕೆಲವೇ ಕ್ಷಣ. ಅದಕ್ಕೆ ಎರಡು ವಿಷಯ ಸೇರಿಸಿಕೊಳ್ಳಿ: ಕ್ಯಾಬಿನ್ ತುಂಬ ಶುದ್ಧ ಆಮ್ಲಜನಕ, ಅದೂ ಹೊರಗಿನ ಗಾಳಿಗಿಂತ ಜಾಸ್ತಿ ಒತ್ತಡದಲ್ಲಿ. ಬಾಗಿಲು ತೆರೆಯುತ್ತಿದ್ದದ್ದು ಒಳಗಡೆಗೆ. ಬೆಂಕಿಯಿಂದ ಒತ್ತಡ ಏರಿದಾಗ ಅದನ್ನು ಎಳೆಯಲು ಸಾಧ್ಯವೇ ಇರಲಿಲ್ಲ.

ಚಂದ್ರನ ಕುಳಿಯೊಳಗೆ ಮಗಳ ಕೈಬಳೆ ಬಿಡುವ ದೃಶ್ಯ ಕಣ್ಣು ತೇವ ಮಾಡುತ್ತದೆ. ಆರ್ಮ್‌ಸ್ಟ್ರಾಂಗ್ ಆ ಕುಳಿಗೆ ಹೋದದ್ದು ನಿಜ. ಬಳೆಗೆ ಮಾತ್ರ ದಾಖಲೆ ಇಲ್ಲ, ಅದನ್ನು ನೋಟ್ಸ್‌ನಲ್ಲಿ ಬರೆಯಬೇಡಿ. ಅದಕ್ಕೂ ಮೊದಲು, ಇಳಿಯುವಾಗ ಕೇಳಿಬರುವ '1202' ಎಚ್ಚರಿಕೆಯನ್ನು ಬರೆದುಕೊಳ್ಳಿ. ಕಂಪ್ಯೂಟರ್‌ಗೆ ಕೆಲಸ ಮಿತಿಮೀರಿತ್ತು. ಅದು ಅಷ್ಟೇನೂ ಮುಖ್ಯವಲ್ಲದ ಕೆಲಸ ಬಿಟ್ಟು, ಇಳಿಸುವ ಲೆಕ್ಕವನ್ನು ಮುಂದುವರಿಸಿತು. ಹಾಗಾಗಿ ನೆಲದಿಂದ ಮುಂದುವರಿಯಲು ಒಪ್ಪಿಗೆ ಸಿಕ್ಕಿತು.