‘ಅಕ್ರಮ ವಲಸಿಗ’ ಎನ್ನುವುದೋ ‘ದಾಖಲೆರಹಿತ’ ಎನ್ನುವುದೋ? ಅಮೆರಿಕದ ಪದಜಗಳದ ಟಿಪ್ಪಣಿ

ಅಮೆರಿಕದ ವಲಸೆ ಸುದ್ದಿಯನ್ನು ಕನ್ನಡಕ್ಕೆ ತರುವವರೂ ಪರೀಕ್ಷೆಗೆ ಓದುವವರೂ ಎಡವುವುದು ಒಂದೇ ಕಡೆ. ಏಲಿಯನ್, ಇಲ್ಲೀಗಲ್ ಏಲಿಯನ್, ಅನ್‌ಆಥರೈಸ್ಡ್ (ಅನುಮತಿಯಿಲ್ಲದ), ಅನ್‌ಡಾಕ್ಯುಮೆಂಟೆಡ್ (ದಾಖಲೆಯಿಲ್ಲದ) ಎಲ್ಲಕ್ಕೂ ‘ಅಕ್ರಮ ವಲಸಿಗ’ ಎಂದೇ ಬರೆದುಬಿಡುತ್ತೇವೆ. ಹಾಗೆ ಬರೆದ ಮೇಲೆ ಅಲ್ಲಿನವರು ಯಾವುದಕ್ಕಾಗಿ ಜಗಳವಾಡುತ್ತಿದ್ದಾರೆ ಎಂಬುದೇ ಓದುಗರಿಗೆ ಕಾಣುವುದಿಲ್ಲ.

ಏಲಿಯನ್

1952ರ ವಲಸೆ ಮತ್ತು ಪೌರತ್ವ ಕಾಯ್ದೆಯ ಪ್ರಕಾರ ಅಮೆರಿಕದ ಪ್ರಜೆಯೂ ಅಲ್ಲದ, ‘ನ್ಯಾಷನಲ್’ (ಪೌರತ್ವ ಇಲ್ಲದಿದ್ದರೂ ಅಮೆರಿಕಕ್ಕೆ ನಿಷ್ಠೆ ಹೊಂದಿರುವವರು) ಕೂಡ ಅಲ್ಲದ ಪ್ರತಿಯೊಬ್ಬರೂ ಏಲಿಯನ್. ಇದರಲ್ಲಿ ತಪ್ಪು ಮಾಡಿದವರೆಂಬ ಅರ್ಥ ಇಲ್ಲ. ಗ್ರೀನ್ ಕಾರ್ಡ್ ಇರುವವರೂ ಏಲಿಯನ್, ಎಚ್-1ಬಿ ಉದ್ಯೋಗ ವೀಸಾದಲ್ಲಿ ದುಡಿಯುವ ಬೆಂಗಳೂರಿನ ಎಂಜಿನಿಯರೂ ಏಲಿಯನ್. ಕನ್ನಡದಲ್ಲಿ ‘ವಿದೇಶೀಯ’ ಸಾಕು. ‘ಪರದೇಶಿ’ ಬೇಡವೇ ಬೇಡ: ನಮ್ಮ ಮಾತಿನಲ್ಲಿ ಅದಕ್ಕೆ ದಿಕ್ಕಿಲ್ಲದವನು ಎಂಬ ಅರ್ಥ ಅಂಟಿಕೊಂಡಿದೆ.

ತೆರಿಗೆ ಇಲಾಖೆಯ ‘ರೆಸಿಡೆಂಟ್ ಏಲಿಯನ್’ ಬೇರೆಯೇ ಲೆಕ್ಕ. ಗ್ರೀನ್ ಕಾರ್ಡ್ ಇಲ್ಲದವರು ಈ ವರ್ಷ ಕನಿಷ್ಠ 31 ದಿನ ಅಲ್ಲಿರಬೇಕು. ಜೊತೆಗೆ ಈ ವರ್ಷದ ಎಲ್ಲ ದಿನ, ಹಿಂದಿನ ವರ್ಷದ ಮೂರನೇ ಒಂದು ಭಾಗ, ಅದರ ಹಿಂದಿನ ವರ್ಷದ ಆರನೇ ಒಂದು ಭಾಗ ಸೇರಿ 183 ಆಗಬೇಕು. ವರ್ಷಕ್ಕೆ 120 ದಿನದಂತೆ ಇದ್ದವರಿಗೆ 120+40+20=180, ಆಗಲಿಲ್ಲ. ವಿದ್ಯಾರ್ಥಿಗಳಂಥ ಕೆಲವರಿಗೆ ಇದರಲ್ಲಿ ವಿನಾಯಿತಿ ಉಂಟು. ಆದರೆ ಈ ಪರೀಕ್ಷೆ ವಲಸೆ ಕಾನೂನಿನ ಅನುಮತಿಯನ್ನು ಕೇಳುವುದಿಲ್ಲ. ಆದ್ದರಿಂದ ಯಾವ ಅನುಮತಿಯೂ ಇಲ್ಲದ ಕಾರ್ಮಿಕ ತೆರಿಗೆಯ ಮಟ್ಟಿಗೆ ‘ರೆಸಿಡೆಂಟ್’ ಆಗಿಬಿಡಬಹುದು. ಒಂದೇ ದೇಶದ ಎರಡು ಕಾನೂನು ಒಬ್ಬನೇ ಮನುಷ್ಯನಿಗೆ ಎರಡು ಹೆಸರು ಇಡುತ್ತವೆ. ಈ ಪದಗಳನ್ನು ಓದುವಾಗ ಇದು ನೆನಪಿರಲಿ.

ಇಲ್ಲೀಗಲ್: ಎಲ್ಲರೂ ಸಿಕ್ಕಿಕೊಳ್ಳುವ ಜಾಗ

ಇಲ್ಲಿ ನಿಧಾನಿಸಿ. ‘ಇಲ್ಲೀಗಲ್’ ಎಂಬ ಒಂದೇ ಪದದೊಳಗೆ ಮೂರು ಪ್ರಶ್ನೆಗಳಿವೆ: ಹೇಗೆ ಬಂದರು, ಈಗ ಅನುಮತಿ ಇದೆಯೇ, ಮಾಡಿದ್ದು ಅಪರಾಧವೇ.

ತಪಾಸಣೆ ತಪ್ಪಿಸಿ ಗಡಿ ದಾಟುವುದು ಅಪರಾಧ: ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ. ಗಡೀಪಾರಾದವರು ಅನುಮತಿಯಿಲ್ಲದೆ ಮತ್ತೆ ಬಂದರೆ ಎರಡು ವರ್ಷದವರೆಗೆ, ಹಿಂದೆ ಬೇರೆ ಅಪರಾಧಗಳಿದ್ದರೆ ಇನ್ನೂ ಹೆಚ್ಚು. ಆದರೆ ಸರಿಯಾಗಿ ಬಂದು ಅವಧಿ ಮೀರಿ ಉಳಿಯುವುದು ಸಾಮಾನ್ಯವಾಗಿ ಸಿವಿಲ್ ಉಲ್ಲಂಘನೆ ಮಾತ್ರ. ಅದಕ್ಕೆ ಸಿಗುವುದು ಗಡೀಪಾರು, ಜೈಲುಶಿಕ್ಷೆ ಅಲ್ಲ. 2012ರ ‘ಅರಿಜೋನಾ ವಿರುದ್ಧ ಯುನೈಟೆಡ್ ಸ್ಟೇಟ್ಸ್’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗಡೀಪಾರಿಗೆ ಅರ್ಹನಾದ ವಿದೇಶೀಯ ಅಮೆರಿಕದಲ್ಲಿ ಉಳಿದಿರುವುದೇ ಸಾಮಾನ್ಯವಾಗಿ ಅಪರಾಧವಲ್ಲ ಎಂದಿತು.

ಇನ್ನೊಂದು ಗಂಟು ವೀಸಾ. ವೀಸಾ ಎಂದರೆ ಬಾಗಿಲು ತಟ್ಟುವ ಚೀಟಿ, ಅಷ್ಟೇ. ಒಳಗೆ ಎಷ್ಟು ದಿನ ಇರಬಹುದು ಎನ್ನುವುದನ್ನು ಹೇಳುವುದು ಪ್ರವೇಶದ ವೇಳೆ ಕೊಡುವ ಐ-94 ದಾಖಲೆ. ಪಾಸ್‌ಪೋರ್ಟಿನಲ್ಲಿರುವ ವೀಸಾ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದು ಅದರ ಷರತ್ತು ಪಾಲಿಸುತ್ತಿದ್ದರೆ ಅವರು ಸರಿಯಾಗಿಯೇ ಇದ್ದಾರೆ. ವೀಸಾ ಹತ್ತು ವರ್ಷದ್ದಾದರೂ ಐ-94 ಮುಗಿದರೆ ಇಲ್ಲ.

ಒಂದು ಲೆಕ್ಕ ಹಾಕಿ. ಮಗಳ ಮನೆಗೆ ಬಂದ ತಾಯಿಯ ಐ-94 ಮಾರ್ಚ್ 31ಕ್ಕೆ ಮುಗಿಯಿತು, ವಿಸ್ತರಣೆಗೆ ಅರ್ಜಿ ಹಾಕಿಲ್ಲ. ‘ಅನ್‌ಲಾಫುಲ್ ಪ್ರೆಸೆನ್ಸ್’ (ಅನುಮತಿಯಿಲ್ಲದೆ ಉಳಿದ ದಿನಗಳು) ಎಣಿಕೆ ಏಪ್ರಿಲ್ 1ರಿಂದ ಶುರು: ಏಪ್ರಿಲ್ 30, ಮೇ 31, ಜೂನ್ 30, ಜುಲೈ 31, ಆಗಸ್ಟ್ 31, ಒಟ್ಟು 153. ಸೆಪ್ಟೆಂಬರ್ 27ಕ್ಕೆ 180 ತುಂಬುತ್ತದೆ. ಅದು ದಾಟಿ ಒಂದು ವರ್ಷದೊಳಗೆ ತಾವಾಗಿ ಹೊರಟರೆ ಮೂರು ವರ್ಷ ಮರುಪ್ರವೇಶವಿಲ್ಲ, ಒಂದು ವರ್ಷ ಅಥವಾ ಹೆಚ್ಚಾದ ಮೇಲೆ ಹೊರಟರೆ ಹತ್ತು ವರ್ಷ. ಈ ತಡೆ ಬೀಳುವುದು ದೇಶ ಬಿಟ್ಟಾಗ! ಉಳಿದೇ ಇದ್ದರೆ ಬೀಳುವುದಿಲ್ಲ. ಸಾವಿರಾರು ಜನ ಹೊರಡಲು ಹೆದರುವುದಕ್ಕೆ ಇದೂ ಒಂದು ಕಾರಣ.

ಎಫ್-1 ವಿದ್ಯಾರ್ಥಿಯ ಐ-94ರಲ್ಲಿ ದಿನಾಂಕದ ಬದಲು ‘ಡಿ/ಎಸ್’ (ಸ್ಟೇಟಸ್ ಇರುವವರೆಗೆ) ಎಂದಿದ್ದರೆ ಕತೆ ಬೇರೆ. ಅನುಮತಿಯಿಲ್ಲದೆ ಓದನ್ನು ಅರ್ಧಕ್ಕೆ ಬಿಟ್ಟ ಕೂಡಲೇ ಸ್ಟೇಟಸ್, ಅಂದರೆ ಅಲ್ಲಿರಲು ಕಾನೂನು ಕೊಟ್ಟ ಸ್ಥಾನ, ಹೋಗುತ್ತದೆ, ಆದರೆ ವಲಸೆ ಇಲಾಖೆಯೋ ವಲಸೆ ನ್ಯಾಯಾಧೀಶರೋ ಹಾಗೆಂದು ನಿರ್ಣಯಿಸುವವರೆಗೆ ಆ 180ರ ಎಣಿಕೆ ಶುರುವಾಗುವುದಿಲ್ಲ. ‘ಸ್ಟೇಟಸ್ ಇಲ್ಲ’ ಮತ್ತು ‘ಅನ್‌ಲಾಫುಲ್ ಪ್ರೆಸೆನ್ಸ್’ ಒಂದೇ ಅಲ್ಲ. ಇದನ್ನು ಎರಡು ಸಲ ಓದಿ.

ವಾದ, ಪ್ರತಿವಾದ

ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ 2013ರ ಏಪ್ರಿಲ್‌ನಲ್ಲಿ ತನ್ನ ಶೈಲಿ ಕೈಪಿಡಿ ಬದಲಿಸಿತು: ‘ಇಲ್ಲೀಗಲ್’ ಎಂಬುದು ಕೃತ್ಯಕ್ಕೆ ಇರಲಿ, ಮನುಷ್ಯನಿಗೆ ಬೇಡ. ‘ಅನ್‌ಡಾಕ್ಯುಮೆಂಟೆಡ್’ ಪದವನ್ನೂ ಅದು ಒಪ್ಪಲಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಕಾರಣ ಸರಿಯಾಗಿಯೇ ಇದೆ. ಮೇಲಿನ ತಾಯಿಯ ಕೈಯಲ್ಲಿ ಪಾಸ್‌ಪೋರ್ಟ್, ವೀಸಾ, ಹಳೆಯ ಐ-94 ಎಲ್ಲ ಇವೆ. ಅವರಿಗಿಲ್ಲದ್ದು ಅನುಮತಿ, ದಾಖಲೆಯಲ್ಲ.

‘ಇಲ್ಲೀಗಲ್’ ಪದವೇ ಇರಲಿ ಎನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಅಮೆರಿಕದ ಕಾಯ್ದೆಗಳಲ್ಲೇ ಕೆಲವೆಡೆ ‘ಇಲ್ಲೀಗಲ್ ಏಲಿಯನ್’ ಇದೆ. ಸಿವಿಲ್ ಆದರೂ ಉಲ್ಲಂಘನೆ ಉಲ್ಲಂಘನೆಯೇ, ಮೃದು ಪದ ಅದನ್ನು ಮುಚ್ಚುತ್ತದೆ ಎಂದು ಅವರು ಹೇಳುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್ ‘ಇಲ್ಲೀಗಲ್ ಏಲಿಯನ್ಸ್’ ಎಂಬ ವಿಷಯಶೀರ್ಷಿಕೆಯನ್ನು ತನ್ನ ಪುಸ್ತಕಪಟ್ಟಿಯಿಂದ ಕೈಬಿಡುವುದಾಗಿ 2016ರಲ್ಲಿ ಹೇಳಿ, ಸಂಸತ್ತಿನಲ್ಲಿ ವಿರೋಧ ಎದ್ದು, ಕೊನೆಗೆ 2021ರ ನವೆಂಬರ್‌ನಲ್ಲಿ ‘ನಾನ್‌ಸಿಟಿಜನ್ಸ್’ ಮತ್ತು ‘ಇಲ್ಲೀಗಲ್ ಇಮಿಗ್ರೇಷನ್’ ಎಂದು ಎರಡಾಗಿ ಒಡೆಯಿತು. ಮನುಷ್ಯ ಒಂದು ಕಡೆ, ಕೃತ್ಯ ಇನ್ನೊಂದು ಕಡೆ. ಅದೇ ವರ್ಷ ವಲಸೆ ಇಲಾಖೆಗಳು ‘ಏಲಿಯನ್’ ಬಿಟ್ಟು ‘ನಾನ್‌ಸಿಟಿಜನ್’ ಬಳಸಿದವು. ಅಧ್ಯಕ್ಷ ಟ್ರಂಪ್ ಅವರ 2025ರ ಜನವರಿಯ ಆದೇಶಗಳಲ್ಲಿ ‘ಇಲ್ಲೀಗಲ್ ಏಲಿಯನ್’ ಮರಳಿ ಬಂತು.

ಕನ್ನಡದಲ್ಲಿ

ನಮ್ಮ ಕಂದಾಯ ಕಚೇರಿಯಲ್ಲಿ ಇದಕ್ಕೊಂದು ಮಾದರಿ ಇದೆ: ಬಗರ್ ಹುಕುಂ. ಹುಕುಂ ಇಲ್ಲದೆ ಸರ್ಕಾರಿ ಜಮೀನು ಉತ್ತವರನ್ನು ಯಾರೂ ‘ಅಕ್ರಮ ರೈತ’ ಎನ್ನುವುದಿಲ್ಲ. ‘ಅನಧಿಕೃತ ಸಾಗುವಳಿ’ ಎನ್ನುತ್ತೇವೆ, ನಮೂನೆ 50, 53, 57ರಲ್ಲಿ ಸಕ್ರಮಕ್ಕೆ ಅರ್ಜಿ ಪಡೆದಿದ್ದೇವೆ. ಅಮೆರಿಕವೂ 1986ರ ಕಾಯ್ದೆಯಿಂದ ಸುಮಾರು 27 ಲಕ್ಷ ಜನರನ್ನು ಸಕ್ರಮ ಮಾಡಿತ್ತು. ಹೀಗಾಗಿ ‘ಅನ್‌ಆಥರೈಸ್ಡ್’ ಪದಕ್ಕೆ ‘ಅನಧಿಕೃತ’ ಅಳತೆಗೆ ಹೊಲಿದ ಹಾಗೆ ಕೂರುತ್ತದೆ. ನನ್ನ ಆಯ್ಕೆಯೂ ಅದೇ.

ಕ್ರಿಯಾವಿಶೇಷಣ ಬಳಸಿದರೆ ಇನ್ನೂ ಸುಲಭ. ‘ಅಕ್ರಮ ವಲಸಿಗರು’ ಬದಲು ‘ಅಕ್ರಮವಾಗಿ ಗಡಿ ದಾಟಿದವರು’, ‘ಅವಧಿ ಮೀರಿ ಉಳಿದವರು’. ಒಂದು ‘ವಾಗಿ’ ಸೇರಿದ ಕೂಡಲೇ ತಪ್ಪು ವ್ಯಕ್ತಿಯಿಂದ ಕೃತ್ಯಕ್ಕೆ ಸರಿಯುತ್ತದೆ, ಓದುಗನಿಗೆ ಮಾಹಿತಿಯೂ ಹೆಚ್ಚು ಸಿಗುತ್ತದೆ. ‘ನುಸುಳುಕೋರ’ ಮಾತ್ರ ವಿಮಾನದಲ್ಲಿ ಇಳಿದು ಮುದ್ರೆ ಹಾಕಿಸಿಕೊಂಡು ಬಂದವರಿಗೆ ಸಲ್ಲುವುದೇ ಇಲ್ಲ. ಅವರು ನುಸುಳಿಲ್ಲ. ಇನ್ನು ಯಾರದೇ ಹೇಳಿಕೆಯನ್ನು ಉದ್ಧರಿಸುವಾಗ ಅವರ ಪದವನ್ನೇ ಇಡಿ: ಅಧ್ಯಕ್ಷರು ‘ಇಲ್ಲೀಗಲ್ ಏಲಿಯನ್’ ಎಂದಿದ್ದರೆ ‘ಅನಧಿಕೃತ’ ಎಂದು ಮೆದುಮಾಡಬೇಡಿ, ವಕೀಲರು ‘ಅನ್‌ಡಾಕ್ಯುಮೆಂಟೆಡ್’ ಎಂದಿದ್ದರೆ ‘ಅಕ್ರಮ’ ಎಂದು ಬಿಗಿಮಾಡಬೇಡಿ.

2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತು. ಇಂಥ ಸುದ್ದಿ ಬರೆಯುವಾಗ ‘ಗಡೀಪಾರಾದ ಭಾರತೀಯರು’ ಎಂದು ಶುರುಮಾಡಿ, ಯಾರು ಗಡಿ ದಾಟಿದ್ದು, ಯಾರು ಅವಧಿ ಮೀರಿದ್ದು ಎಂಬುದು ಗೊತ್ತಾದಷ್ಟನ್ನು ಮುಂದಿನ ವಾಕ್ಯದಲ್ಲಿ ಸೇರಿಸಿ. ‘ವೀಸಾ ಮುಗಿದಿತ್ತು’ ಎಂದು ಬರೆಯುವ ಮುಂಚೆ ಐ-94ರ ದಿನಾಂಕ ಕೇಳಿ.