ಕ್ರಾಯ್ಡನ್ನಿನ ನೀರು

ಲಂಡನ್ನಿನ ದಕ್ಷಿಣ ಅಂಚಿನಲ್ಲಿ ಕ್ರಾಯ್ಡನ್ ಇದೆ. 1937ರಲ್ಲೂ ಅಲ್ಲಿ ನಲ್ಲಿ ತಿರುಗಿಸಿದರೆ ಮನೆಯೊಳಗೇ ನೀರು ಬರುತ್ತಿತ್ತು. ಅಂಥ ಊರಲ್ಲಿ ಆ ವರ್ಷದ ಕೊನೆಗೆ ಟೈಫಾಯ್ಡ್ ಹಬ್ಬಿತು. ಮುನ್ನೂರಕ್ಕೂ ಜಾಸ್ತಿ ಜನ ಹಾಸಿಗೆ ಹಿಡಿದರು. 43 ಮಂದಿ ತೀರಿಕೊಂಡರು.

ನಮ್ಮಲ್ಲಿ ವಿಷಮಶೀತ ಜ್ವರ ಅಂತಾರಲ್ಲ, ಅದೇ ಇದು. ಆಗ ಇದಕ್ಕೆ ಆ್ಯಂಟಿಬಯೋಟಿಕ್ ಇರಲಿಲ್ಲ. ಆರೈಕೆ ಮಾಡುತ್ತಾ ಕಾಯಬೇಕಿತ್ತು, ಅಷ್ಟೆ. ಸಾವಿನ ಕಾರಣ 'ಟೈಫಾಯ್ಡ್' ಅಂತ ಬರೆದರೆ ಮನೆಯವರಿಗೆ ಒಂದು ಕಾಗದ ಸಿಗುತ್ತದೆ. ಊರಿನ ಆರೋಗ್ಯ ನೋಡಿಕೊಳ್ಳುವವರ ಕೆಲಸ ಶುರುವಾಗುವುದೇ ಆಮೇಲೆ. ರೋಗಾಣು ಬಂದಿದ್ದು ಹಾಲಿನಿಂದಲೋ, ಚಿಪ್ಪುಮೀನಿನಿಂದಲೋ, ನೀರಿನಿಂದಲೋ? ಹುಡುಕುವುದು ಕಷ್ಟ. ರೋಗಾಣು ಹೊಟ್ಟೆ ಸೇರಿ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಷ್ಟು ಹಿಂದೆ ಏನು ತಿಂದೆ, ಎಲ್ಲಿ ಕುಡಿದೆ ಅಂತ ಯಾರಿಗೆ ನೆನಪಿರುತ್ತದೆ? ಆದರೆ ರೋಗಿಗಳ ವಿಳಾಸಗಳು ಸುಳಿವು ಕೊಡುತ್ತವೆ. ಇಲ್ಲಿ ಆ ಸುಳಿವು ಹೋಗಿ ನಿಂತಿದ್ದು ಆಡಿಂಗ್ಟನ್ ಎಂಬಲ್ಲಿದ್ದ ಆಳದ ಬಾವಿಯ ಹತ್ತಿರ.

ಆ ಬಾವಿಯಲ್ಲಿ ರಿಪೇರಿ ನಡೆದಿತ್ತು. ಕೆಲಸಗಾರರು ಒಳಗಿಳಿದಿದ್ದರು. ಅವರಲ್ಲಿ ಒಬ್ಬನಿಗೆ ಹಿಂದೊಮ್ಮೆ ಟೈಫಾಯ್ಡ್ ಬಂದು ವಾಸಿಯಾಗಿತ್ತು. ಟೈಫಾಯ್ಡ್ ವಾಸಿಯಾದ ಕೆಲವರ ಪಿತ್ತಕೋಶದಲ್ಲಿ ರೋಗಾಣು ವರ್ಷಗಟ್ಟಲೆ ಉಳಿದುಬಿಡುತ್ತದೆ. ಜ್ವರ ಇಲ್ಲ, ನೋವಿಲ್ಲ, ಮಲದಲ್ಲಿ ಮಾತ್ರ ಹೊರಬರುತ್ತಿರುತ್ತದೆ. ಪಾಪ, ಅವನ ತಪ್ಪು ಅಂತ ನನಗೆ ಅನಿಸುವುದಿಲ್ಲ. ಗಟ್ಟಿಮುಟ್ಟಾಗಿ ದುಡಿಯುತ್ತಿದ್ದವನಿಗೆ ತನ್ನೊಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಅವನು ಒಳಗಿದ್ದರೂ ಕ್ಲೋರಿನ್ ಇದ್ದಿದ್ದರೆ ರೋಗಾಣು ಸಾಯುತ್ತಿತ್ತು. ನೀರಿಗೆ ಕ್ಲೋರಿನ್ ಸ್ವಲ್ಪವೇ ಸೇರಿದರೂ, ಒಂದಷ್ಟು ಹೊತ್ತು ನಿಂತರೆ ಟೈಫಾಯ್ಡ್ ರೋಗಾಣು ಉಳಿಯುವುದಿಲ್ಲ. ಆದರೆ ಕೆಲಸ ನಡೆಯುವಾಗ ಶೋಧಿಸುವುದನ್ನೂ ಕ್ಲೋರಿನ್ ಹಾಕುವುದನ್ನೂ ನಿಲ್ಲಿಸಿದ್ದರು. ಹಾಗಿದ್ದೂ ಆ ನೀರನ್ನು ಮನೆಗಳಿಗೆ ಬಿಡುತ್ತಿದ್ದರು. ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ಜನ ಬದುಕಿರುತ್ತಿದ್ದರು.

ಆಮೇಲೆ ನಡೆದ ವಿಚಾರಣೆಯಲ್ಲಿ ಹೊರಬಂದ ಇನ್ನೊಂದು ಸಂಗತಿ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುತ್ತದೆ. ಬಾವಿಯಲ್ಲಿ ರಿಪೇರಿ ನಡೆಯುತ್ತಿದೆ ಅನ್ನುವುದನ್ನು ನೀರಿನ ಹೊಣೆ ಹೊತ್ತವರು ಊರಿನ ಆರೋಗ್ಯಾಧಿಕಾರಿಗೆ ಹೇಳಿಯೇ ಇರಲಿಲ್ಲ. ರೋಗಿಗಳ ಪಟ್ಟಿ ಒಂದು ಮೇಜಿನ ಮೇಲೆ, ಬಾವಿಯ ಕೆಲಸದ ವಿವರ ಇನ್ನೊಂದು ಮೇಜಿನ ಮೇಲೆ.

ಮುಂದೆ ಬ್ರಿಟನ್ನಿನಲ್ಲಿ ನೀರು ಸರಬರಾಜಿನ ಕೆಲಸಕ್ಕೆ ಬರುವವರನ್ನು ಟೈಫಾಯ್ಡ್ ಪರೀಕ್ಷೆಗೆ ಒಳಪಡಿಸುವುದು ರೂಢಿಯಾಯಿತು.