ಪದ ಪರಿಚಯ: ಸಾಮರ್ಥ್ಯ ಕಾಯ್ದಿರಿಸುವ ಒಪ್ಪಂದ

ಕಡಲಿನಲ್ಲಿ ಗಾಳಿಯಂತ್ರ ನಿಲ್ಲಿಸುವ ಯೋಜನೆಗಳ ವ್ಯವಹಾರದಲ್ಲಿ 'ಕೆಪಾಸಿಟಿ ರಿಸರ್ವೇಶನ್ ಅಗ್ರಿಮೆಂಟ್' ಎಂದು ಕರೆಯುವುದನ್ನು ಕನ್ನಡದಲ್ಲಿ ಸಾಮರ್ಥ್ಯ ಕಾಯ್ದಿರಿಸುವ ಒಪ್ಪಂದ ಎನ್ನಬಹುದು. ಯೋಜನೆಗೆ ಹಣ ತೊಡಗಿಸುವ ಅಂತಿಮ ನಿರ್ಧಾರ ಆಗುವ ಮೊದಲೇ ಟರ್ಬೈನ್, ಸಮುದ್ರತಳದ ಕೇಬಲ್, ಅಡಿಪಾಯದ ಉಕ್ಕಿನ ಕಂಬ ಅಥವಾ ಅವನ್ನು ನಿಲ್ಲಿಸುವ ಹಡಗು ಒದಗಿಸುವವರ ಬಳಿ ಮುಂಗಡ ಕೊಟ್ಟು ಸರದಿ ಹಿಡಿದಿಡುವುದೇ ಇದರ ತಿರುಳು. ಇದಕ್ಕೂ ಹಿಂದಿನ ಹಂತವಾದ 'ಆದ್ಯತೆಯ ಪೂರೈಕೆದಾರ' ಒಪ್ಪಂದದಲ್ಲಿ ಯಾರಿಂದ ಕೊಳ್ಳುವ ಇರಾದೆಯಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಖರೀದಿಯ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ.

ಇಷ್ಟು ಅವಸರವೇಕೆ? ಇಂಥ ದೈತ್ಯ ಯಂತ್ರಗಳನ್ನು ಮಾಡುವ ಕಾರ್ಖಾನೆಗಳೂ ಅವನ್ನು ಎತ್ತಿ ನಿಲ್ಲಿಸಬಲ್ಲ ಹಡಗುಗಳೂ ಕೆಲವೇ ಇರುವುದರಿಂದ, ಸರದಿ ತಪ್ಪಿದರೆ ಯೋಜನೆಯೇ ವರ್ಷಗಟ್ಟಲೆ ಹಿಂದೆ ಬೀಳುತ್ತದೆ. ಗಂಡು ಹೆಣ್ಣಿನ ಮಾತುಕತೆ ಮುಗಿಯುವ ಮೊದಲೇ ಛತ್ರಕ್ಕೆ ಮುಂಗಡ ಕಟ್ಟಿದ ಹಾಗೆ ಇದು. ಮದುವೆ ಮುರಿದರೆ ಮುಂಗಡ ಯಾರ ಪಾಲಿಗೆ ಎಂಬ ಜಗಳವೂ ಅದರೊಡನೆ ಬರುತ್ತದೆ.

ನಿಜವಾದ ಅಪಾಯ ಅಡಗಿರುವುದು, ನನ್ನ ದೃಷ್ಟಿಯಲ್ಲಿ, ವಿದ್ಯುತ್ತಿನ ದರ ಗೊತ್ತಾಗುವ ದಿನಕ್ಕೂ ಯಂತ್ರಗಳ ದರ ಗೊತ್ತಾಗುವ ದಿನಕ್ಕೂ ನಡುವಿನ ಅಂತರದಲ್ಲಿ. ಬ್ರಿಟನ್ನಿನಲ್ಲಿ, ಕಡಿಮೆ ದರ ಕೂಗಿದವರಿಗೆ ಸರ್ಕಾರ ವಿದ್ಯುತ್ ದರದ ಖಾತರಿ ಕೊಡುವ 2022ರ ಹರಾಜಿನಲ್ಲಿ ಕಡಲ ಗಾಳಿ ವಿದ್ಯುತ್ತಿಗೆ 2012ರ ಬೆಲೆಮಟ್ಟದಲ್ಲಿ ಮೆಗಾವ್ಯಾಟ್ ಗಂಟೆಗೆ 37.35 ಪೌಂಡ್ ದರ ನಿಗದಿಯಾಯಿತು. ಆ ದರ ಗ್ರಾಹಕ ಬೆಲೆ ಸೂಚ್ಯಂಕದ ಜೊತೆಗೆ ಏರುತ್ತದೆ ನಿಜ, ಆದರೆ ಉಕ್ಕಿನ ಬೆಲೆ ಮತ್ತು ಸಾಲದ ಬಡ್ಡಿ ಆ ಸೂಚ್ಯಂಕದ ಮಾತು ಕೇಳುವುದಿಲ್ಲ. ವೆಚ್ಚ ಶೇ. 40ರವರೆಗೆ ಏರಿದೆಯೆಂದು ವಾಟನ್‌ಫಾಲ್ ಕಂಪನಿ 2023ರ ಜುಲೈನಲ್ಲಿ ಆ ಹರಾಜಿನಲ್ಲೇ ದರ ಪಡೆದಿದ್ದ ತನ್ನ ನಾರ್ಫೋಕ್ ಬೋರಿಯಸ್ ಯೋಜನೆಯನ್ನು ನಿಲ್ಲಿಸಿತು. ಆ ಸೆಪ್ಟೆಂಬರಿನ ಹರಾಜಿನಲ್ಲಿ ಕಡಲ ಗಾಳಿಗೆ ಒಬ್ಬರೂ ಕೂಗಲಿಲ್ಲ. ಸರ್ಕಾರ ಮುಂದಿನ ಸುತ್ತಿಗೆ ಗರಿಷ್ಠ ದರವನ್ನು, ಅದೇ 2012ರ ಬೆಲೆಮಟ್ಟದಲ್ಲಿ, 44ರಿಂದ 73 ಪೌಂಡಿಗೆ ಏರಿಸಬೇಕಾಯಿತು.

ಸರದಿ ಹಿಡಿದವನೇ ಹಿಂದೆ ಸರಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಜೆರ್ಸಿ ಕರಾವಳಿಯ ಓಷನ್ ವಿಂಡ್ ಯೋಜನೆಗಳು ಸಾಕ್ಷಿ. ಅವನ್ನು 2023ರ ಶರತ್ಕಾಲದಲ್ಲಿ ಕೈಬಿಟ್ಟ ಡೆನ್ಮಾರ್ಕಿನ ಎರ್ಸ್ಟೆಡ್ ಕಂಪನಿ, ತನ್ನ ಅಮೆರಿಕದ ಯೋಜನೆಗಳ ಮೌಲ್ಯದಲ್ಲಿ 2,840 ಕೋಟಿ ಡ್ಯಾನಿಶ್ ಕ್ರೋನ್ ಕಡಿತ ತೋರಿಸಿದ್ದಲ್ಲದೆ, ಒಪ್ಪಂದಗಳನ್ನು ಮುರಿಯುವುದಕ್ಕೆಂದು ಇನ್ನೂ 1,100 ಕೋಟಿಯವರೆಗೆ ತೆಗೆದಿಡಬೇಕಾದೀತೆಂದು ಹೇಳಿತು. ಪೂರೈಕೆದಾರನ ಕಡೆಯಿಂದಲೂ ಪೆಟ್ಟು ಬೀಳುತ್ತದೆ: ಟರ್ಬೈನ್ ತಯಾರಿಸುವ ಜಿಇ ವರ್ನೋವಾ ಕಂಪನಿ ತನ್ನ 18 ಮೆಗಾವ್ಯಾಟ್ ಟರ್ಬೈನಿನ ಆಲೋಚನೆ ಬಿಟ್ಟದ್ದರಿಂದ, ಅದನ್ನೇ ನಂಬಿದ್ದ, ಒಟ್ಟು 4,000 ಮೆಗಾವ್ಯಾಟ್‌ಗೂ ಮಿಕ್ಕ ನ್ಯೂಯಾರ್ಕಿನ ಮೂರು ಯೋಜನೆಗಳ ತಾತ್ಕಾಲಿಕ ಆಯ್ಕೆ 2024ರ ಏಪ್ರಿಲಿನಲ್ಲಿ ಬಿದ್ದುಹೋಯಿತು.

ಆದ್ದರಿಂದಲೇ ಈಗಿನ ಒಪ್ಪಂದಗಳಲ್ಲಿ ವಾದವೆಲ್ಲ ಎರಡು ಷರತ್ತುಗಳ ಸುತ್ತ ನಡೆಯುತ್ತದೆ. ಒಂದು, ಉಕ್ಕು, ತಾಮ್ರ, ಕೂಲಿಗಳ ಸೂಚ್ಯಂಕಕ್ಕೆ ಬೆಲೆಯನ್ನು ಜೋಡಿಸುವುದು. ಇದರಿಂದ ಏರಿಕೆಯ ಹೊರೆ ಪೂರೈಕೆದಾರನಿಂದ ಯೋಜನೆಯವನಿಗೆ ದಾಟುತ್ತದೆ, ವಿದ್ಯುತ್ ದರಕ್ಕೂ ಅಂಥದ್ದೇ ಜೋಡಣೆ ಇಲ್ಲದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಇನ್ನೊಂದು, ರದ್ದತಿ ಶುಲ್ಕವನ್ನು ಕಾಲ ಕಳೆದಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು. ನೆದರ್ಲೆಂಡ್ಸ್ ಸರ್ಕಾರದ ಒಡೆತನದ ವಿದ್ಯುತ್ ಜಾಲ ಕಂಪನಿ ಟೆನೆಟ್ ಹಿಡಿದ ದಾರಿ ಬೇರೆ: ಅದು 2023ರಲ್ಲಿ ತಲಾ 2,000 ಮೆಗಾವ್ಯಾಟಿನ ಹತ್ತಕ್ಕೂ ಹೆಚ್ಚು ಸಂಪರ್ಕ ವ್ಯವಸ್ಥೆಗಳನ್ನು (ಕಡಲ ವಿದ್ಯುತ್ತನ್ನು ದಡಕ್ಕೆ ತರುವಂಥವು) ದೀರ್ಘಾವಧಿಯ ಚೌಕಟ್ಟು ಒಪ್ಪಂದಗಳಲ್ಲಿ ಒಟ್ಟಿಗೆ ಕಾಯ್ದಿರಿಸಿತು. ಒಂದೇ ವಿನ್ಯಾಸದ ಇಷ್ಟು ಕೆಲಸ ಮುಂದೆ ಸಾಲಾಗಿ ನಿಂತಿರುವಾಗ, ಪೂರೈಕೆದಾರನು ಕಾರ್ಖಾನೆ ಹಿಗ್ಗಿಸಲು ಧೈರ್ಯ ಮಾಡುವುದು ಸುಲಭ.